ನೀಲಿ ಗೀಟುಗಳು

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಸುಣ್ಣ ಹೊಡೆಯಲು ಬಂದ ಹುಡುಗ
ಒಳಗೋಡೆಯ ಮುಂದೆ ನಿಂತುಬಿಟ್ಟ.
ಏನಕ್ಕೋ ಇದು, ಮಗೀನ ಉದ್ದ ಅಳ್ದಿದ್ದೀರಾ?
ಊಂ ಕಣಪ್ಪ, ಮಗೀದೇ ಅಂದೆ.
ಐವತ್ತೊಂದು ತುಂಬಿದ ಮಗು.

ಮೊದಲ ಗೀಟು ಎದೆಮಟ್ಟಕ್ಕಿಂತ ಕೆಳಗಿದೆ.
ಆಪರೇಷನ್ ಆಗಿ ಮೂರು ವಾರ.
ಗೋಡೆ ಹಿಡಿದು ಬೆರಳಲ್ಲಿ ಹತ್ತಿ, ಜೇಡನ ಹಾಗೆ,
ಎಂದಿದ್ದರು ಮೈಸೂರಿನ ಆಸ್ಪತ್ರೆಯ ಮೇಡಂ.
ಜೇಡ ನಾಲ್ಕು ಹೆಜ್ಜೆ ಇಟ್ಟು ನಿಂತಿತು.
ಕಂಕುಳೊಳಗೆ ಯಾರೋ
ಹಗ್ಗ ಜಗ್ಗಿ ಗೂಟಕ್ಕೆ ಕಟ್ಟಿದ್ದರು.
ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಲ್ಲಿ
ಎಡಗೈಯಿಂದ ಗೀಟು ಎಳೆದೆ, ಸೊಟ್ಟ.
ತಾರೀಖು ಬರೆದೆ, ಅದೂ ಸೊಟ್ಟ.
ಲೆಕ್ಕ ಇಡದೆ ನನಗೆ ಯಾವ ಕೆಲಸವೂ ಬರುವುದಿಲ್ಲ.

ಇಪ್ಪತ್ತೆಂಟು ವರ್ಷ ಈ ಊರಿನ ಎದೆಗಳನ್ನು ಅಳೆದಿದ್ದೇನೆ.
ಮೂವತ್ತನಾಲ್ಕು, ಮೂವತ್ತೆಂಟೂವರೆ,
ಬಸುರಿಯದು, ಬಾಣಂತಿಯದು,
ಬೆನ್ನು ಇಳಿಸಬೇಡಿ ಅತ್ತೆ ಬಯ್ತಾರೆ ಎನ್ನುವವಳದು.
ಒಬ್ಬೊಬ್ಬರಿಗೆ ಒಂದೊಂದು ಹಾಳೆ ನೋಟ್‌ಬುಕ್ಕಿನಲ್ಲಿ.
ನನ್ನದು ಎಂದೂ ಬರೆದಿರಲಿಲ್ಲ, ಕಣ್ಣಂದಾಜಿಗೆ ಕತ್ತರಿಸುತ್ತಿದ್ದೆ.
ಅವತ್ತು ಬರೆದೆ:
ಎಡಕ್ಕೆ ಎರಡು ಡಾಟು. ಬಲಕ್ಕೆ ಬೇಡ.

ನೋಡಲು ಬಂದವರೆಲ್ಲ ಸೇಬು ತಂದರು,
ಪಾಸಿಟಿವ್ ಆಗಿರಿ ಎಂದರು.
ಬಯಾಪ್ಸಿ ಕಾಗದದಲ್ಲೂ ಅದೇ ಪದ ಇತ್ತು.
ಎರಡು ಸಲ.

ಕೀಮೋ ತಿಂಗಳುಗಳ ಮಾತು ಬೇಡ.
ಹುರುಳಿ ಬಸ್ಸಾರಿಗೆ ಕಬ್ಬಿಣದ ರುಚಿ ಬಂದಿತ್ತು,
ಅಷ್ಟು ಹೇಳಿದರೆ ಸಾಕು.

ಖಾಲಿ ಕಡೆಗೆ ಹತ್ತಿ ತುಂಬಿದ ದಿಂಬು ಹೊಲಿದೆ.
ಹಗುರ, ಮಧ್ಯಾಹ್ನದ ಹೊತ್ತಿಗೆ ಕತ್ತಿಗೆ ಏರುತ್ತಿತ್ತು.
ಸಾಸಿವೆ ಹಾಕಿದೆ, ಜಾರಿತು.
ಕೊನೆಗೆ ರಾಗಿ, ಒಂದು ಪಾವಿಗೆ ಒಸಿ ಹೆಚ್ಚು.
ತೂಕ ಸರಿಹೋಯಿತು, ಆ ಕಡೆ ಈ ಕಡೆ ತಕ್ಕಡಿ ನಿಂತಿತು.
ಸೀರೆಗೆ ಫಾಲ್ಸ್ ಹಚ್ಚುವ ಶಮೀಮ್ ಮುಟ್ಟಿ ನೋಡಿ,
ಏಪ್ರಿಲ್ ಬೆವರಿಗೆ ಮೊಳಕೆ ಬಂದ್ರೆ ಏನ್ಮಾಡ್ತೀಯೆ ಅಂದಳು.
ನಕ್ಕು ನಕ್ಕು ಹೊಲಿಗೆಯ ಜಾಗ ಎಳೆಯಿತು.
ಹಾಲು ಬಿಡಿಸಿದ ಮಗನಿಗೆ
ಮೊಳಕೆ ರಾಗಿಯ ಸರಿಯನ್ನೇ ತಿನ್ನಿಸಿದ್ದೆ,
ಅದು ನೆನಪಾಗಿದ್ದು ರಾತ್ರಿ, ಒಬ್ಬಳೇ ಇದ್ದಾಗ.

ಬೆಳಗ್ಗೆ ಐದೂವರೆಗೆ ನಾಲೆ ಏರಿ ಮೇಲೆ ನಡೆಯುತ್ತೇವೆ,
ಶಮೀಮಳ ಮೊಣಕಾಲು, ನನ್ನ ತೋಳು.
ಕಬ್ಬಿನ ಟ್ರಾಕ್ಟರಿನಿಂದ ಬಿದ್ದ ಜಲ್ಲೆ ಸಿಕ್ಕರೆ ಅವಳು ಎತ್ತಬೇಕು,
ನನ್ನ ಬಲಗೈಗೆ ಭಾರ ಕೂಡದು.
ಅಗಿಯುವುದಕ್ಕೆ ಡಾಕ್ಟರು ಬೇಡ ಅಂದಿಲ್ಲ.
ಮೋಟರು ಬಿಚ್ಚಿಸಿ ಮತ್ತೆ ಕಾಲಲ್ಲೇ ತುಳಿಯುತ್ತೇನೆ ಮಿಷನ್ನು.
ಕಾಲಿಗೇನಾಗಿದೆ?

ಮೊನ್ನೆ ಪಾಂಡವಪುರದ ಕಡೆಯಿಂದ ಒಬ್ಬಳು ಬಂದಳು,
ಬ್ಲೌಸ್ ಪೀಸು ಮಡಚುತ್ತ ಬಿಚ್ಚುತ್ತ.
ಎಲ್ಲರೂ ಹೋಗಲೆಂದು ಕಾಯುತ್ತಿದ್ದಳು.
ಸೆರಗನ್ನು ಎಡಕ್ಕೆ ಎರಡು ಸುತ್ತು ಹೊದ್ದಿದ್ದಳು.
ಟೇಪು ಎತ್ತಿಕೊಳ್ಳಲಿಲ್ಲ ನಾನು,
ನೋಟ್‌ಬುಕ್ ತೆರೆದು ನನ್ನ ಹಾಳೆ ತಿರುಗಿಸಿ ಇಟ್ಟೆ.
ಓದಿದಳು. ಮತ್ತೊಂದು ಸಲ ಓದಿದಳು.
ನಂದು ಈ ಕಡೆ ಕನಕ್ಕ ಅಂದಳು.
ಎಷ್ಟು ಪಾವು ಬೇಕಾಗ್ತದೆ ನೋಡೋಣ ಬಾ ಅಂದೆ.

ಮುಂದಿನ ವಾರ ಚೆಕಪ್.
ಹಿಂದಿನ ದಿನ ನಾನು ಸುಮ್ಮನೆ ಗುಂಡಿ ಕಾಜ ಮಾಡುತ್ತಾ ಕೂರುತ್ತೇನೆ,
ಯಾರೂ ಕೇಳದ ಕಾಜಗಳು, ಚಿಂದಿಗಳ ಮೇಲೆ.

ಇದನ್ನೂ ಬಳೀಲಾ? ಹುಡುಗ ಬ್ರಷ್ ಅದ್ದಿದ.
ಆ ಪಟ್ಟಿ ಒಂದು ಬುಡು, ಮೇಲೆ ಇನ್ನೂ ಜಾಗ ಐತೆ.
ಶೆಲ್ಫಿನ ದಾರದ ಡಬ್ಬಿ ಇಳಿಸಿಕೊಡಲಾ ಅಕ್ಕ?
ಬೇಡ, ಎಟುಕ್ತದೆ ಅಂದೆ.
ಬೆರಳ ತುದಿಗೆ ತಗುಲಿತು, ಕೈಗೆ ಬರಲಿಲ್ಲ.
ಸ್ಟೂಲು ಎಳೆದುಕೊಂಡೆ.