ಹೊನ್ನಾವರ ಮಾಡೆಲ್

ದುರ್ಗಿಗುಡಿಯ ಮಹಡಿ ಅಂಗಡಿಯಲ್ಲಿ
ಕಟಿಂಗ್ ಟೇಬಲ್ಲಿನ ಮೇಲೆ ಕಂದು ಕಾಗದ ಹಾಸಿ
ನೀಲಿ ಸೀಮೆಸುಣ್ಣದಲ್ಲಿ ಕಡಲ ದಂಡೆ ಎಳೆದೆ.
ಮೇಲೆ ಗೋಕರ್ಣ, ಕೆಳಗೆ ಮುರ್ಡೇಶ್ವರ,
ನಡುವೆ ನನಗೆ ಗೊತ್ತಿದ್ದದ್ದು ಸೊನ್ನೆ.

‘ಇಷ್ಟು ನೆಟ್ಟಗೆ ಇರಲ್ಲಕ್ಕಾ’ ಎಂದಳು ಫ್ಲೋರಿನ್,
ಓವರ್‌ಲಾಕ್ ಮಿಷನ್ನು ನಿಲ್ಲಿಸಿ ಎದ್ದು ಬಂದು.
ಅವಳ ತಾಯಿಯ ತವರು ಕಾಸರಕೋಡು,
ಕೊನೆಯ ಸಲ ಹೋದಾಗ ಅವಳಿಗೆ ಏಳು ವರ್ಷ.
ನನ್ನ ಗೆರೆ ಒರೆಸಿ ಹೊಸದು ಎಳೆದಳು:
ಇಲ್ಲಿ ಗುಡ್ಡ ಮೂತಿ ಚಾಚುತ್ತೆ,
ಇಲ್ಲಿ ನೀರು ಒಳಗೆ ನುಗ್ಗುತ್ತೆ,
ಇಲ್ಲಿ ಶರಾವತಿ ಬಾಯಿ ತೆರೀತಾಳೆ,
ಇಲ್ಲಿ ಬಂಡೆ, ಮತ್ತೆ ಬಂಡೆ, ಪಾಚಿ,
ಚಪ್ಪಲಿ ಕೈಲಿ ಹಿಡೀಬೇಕು,
ಇಳಿತದ ಹೊತ್ತು ಕೇಳಿಕೊಂಡೇ ಇಳೀಬೇಕು.

ಎಳೆ ಬಿಟ್ಟ ಬಟ್ಟೆಯ ಅಂಚಿನ ಹಾಗಿತ್ತು.
‘ಮಡಚಿ ಹೊಲೀದೆ ಬಿಟ್ರೆ ಹೀಗೇ’ ಅಂದೆ.
ಶಕೀಲಾ ಹುಕ್ಕು ಹಚ್ಚುತ್ತ, ತಲೆ ಎತ್ತದೆ:
‘ಆ ಕಡೆ ಕೂತವರು ರಾತ್ರಿ ಹಗಲು ಬಿಚ್ತಾನೇ ಇದ್ರೆ
ಈ ಕಡೆಯವರು ಎಷ್ಟೂಂತ ಹೊಲೀತಾರೆ?’

ಮೊದಲು ಮೂರು ದಿನ ಅಂತಿತ್ತು.
ಧನುರ್ಮಾಸ ಬಂದರೆ ಮದುವೆಯಿಲ್ಲ, ಬಿಡುವು;
ಬಿಡುವಿನೊಳಗೇ ಫ್ಲೋರಿನ್‌ಳ ಕ್ರಿಸ್ಮಸ್ಸು,
ಅದರ ಬೆನ್ನಿಗೇ ಶಕೀಲಾಳ ತಂಗಿಯ ಮಗಳ ನಿಕಾಹ್.
ನೀರಿಗೆ ಹಾಕಿ ತೆಗೆದ ಕಾಟನ್ನಿನಂತೆ
ಮೂರು ಎರಡಾಯಿತು, ಎರಡು ಒಂದೂವರೆ.
ಮುರ್ಡೇಶ್ವರ ಬಿಟ್ಟೆವು, ಲಿಫ್ಟಿಗೆ ಕ್ಯೂ ಅಂತೆ.
ಅಘನಾಶಿನಿಯಿಂದ ತದಡಿಗೆ ದೋಣಿ ದಾಟುವುದನ್ನೂ ಬಿಟ್ಟೆವು.
ಕಾಲುನೋವು ಅಂದೆ. ನೀರೆಂದರೆ ಭಯ
ಅಂತ ಇವರ ಮುಂದೆ ಹೇಗೆ ಹೇಳಲಿ.

ರೈಲು ತಾಳಗುಪ್ಪಕ್ಕೆ ಮುಗಿಯುತ್ತದೆ, ಆಮೇಲೆ ಬಸ್ಸೇ.
ಕೆಂಪು ಬಸ್ಸಾದರೆ ಆಧಾರ್, ಪ್ರೈವೇಟಾದರೆ ದುಡ್ಡು.
ಗೇರುಸೊಪ್ಪೆ ಘಾಟಿಯ ತಿರುವಿಗೆ ಶಕೀಲಾಳಿಗೆ ವಾಂತಿ:
ನಿಂಬೆಹಣ್ಣು ಎರಡು, ಕವರ್ ನಾಲ್ಕು,
ಅಳತೆ ಪುಸ್ತಕದಲ್ಲೇ ಬರೆದುಕೊಂಡೆ,
ಯಾರದೋ ಎದೆಸುತ್ತಳತೆ ಮೂವತ್ತೆಂಟರ ಕೆಳಗೆ.

ರಾತ್ರಿ ಬಾಗಿಲೆಳೆದು ಹೊಳೆ ಸೇತುವೆ ದಾಟುವಾಗ
ತುಂಗೆಯನ್ನು ನೋಡುತ್ತ ನಿಂತೆ.
ಇವಳೂ ಘಟ್ಟದ ನೆತ್ತಿಯವಳೇ,
ಕಡಲು ಕೂಗಿದರೆ ಓಗೊಡುವಷ್ಟು ಹತ್ತಿರ ಹುಟ್ಟಿ
ಬೆನ್ನು ಹಾಕಿ ಮೂಡಣಕ್ಕೆ ಹೊರಟವಳು.
ಯಾಕೆ ಅಂತ ಯಾರೂ ಕೇಳಿದ ಹಾಗಿಲ್ಲ.
ನಲವತ್ತಾರಾಯಿತು, ನನ್ನನ್ನೂ ಕೇಳಿಲ್ಲ.

ಮಂಗಳವಾರ ಹೋಗಿ ನೋಡಿದರೆ
ಕಲಿಯಲು ಬರುವ ಹೊಳೆಹೊನ್ನೂರಿನ ಸಿಂಚನಾ
ಕಂದು ಕಾಗದ ಹಾಸಿಕೊಂಡು ಕತ್ತರಿಸಿ ಮುಗಿಸಿದ್ದಾಳೆ,
ವಿನೋಬನಗರದ ಮೇಡಮ್ಮನ ಕೆನೆಬಣ್ಣದ ರೇಷ್ಮೆ,
ಬೆನ್ನಿನ ಕತ್ತು, ಗೆರೆ ಒಂಚೂರೂ ತಪ್ಪಿಸದೆ.
‘ನೀಲಿ ಗೆರೆ ಇತ್ತಲ್ಲ ಆಂಟಿ?’

ಬೈಯಲು ಬಾಯಿ ಬರಲಿಲ್ಲ.
ಒಂದೊಂದು ಮೂತಿಗೂ ಪೈಪಿಂಗ್ ತಿರುಗಿಸಿ,
ಒಂದೊಂದು ಕೊಲ್ಲಿಗೂ ಕಚ್ಚು ಕೊಟ್ಟು
ಮೂರು ಗಂಟೆ ಕೂತು ದಂಡೆಯುದ್ದಕ್ಕೂ ಹೊಲಿದೆ.
ಸೂಜಿ ಎರಡು ಮುರಿಯಿತು.

ಗುರುವಾರ ಮೇಡಮ್ಮ ಕನ್ನಡಿಗೆ ಬೆನ್ನು ಕೊಟ್ಟು
ಕತ್ತು ಹೊರಳಿಸಿ ಹೊರಳಿಸಿ ನೋಡಿಕೊಂಡರು.
‘ಯಾವ ಮಾಡೆಲ್ಲೇ ಇದು?’
ಹೊನ್ನಾವರ ಮಾಡೆಲ್ಲು ಅಂದೆ.
ಶಕೀಲಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.
ಕೆಂಪಿನಲ್ಲೂ ಒಂದು ಹೊಲಿದುಕೊಡು, ಶನಿವಾರಕ್ಕೆ, ಎಂದರು.
ಶನಿವಾರ ಅಂಗಡಿ ಇಲ್ಲ ಎಂದೆ,
ಮೊದಲ ಸಲ, ಗಟ್ಟಿಯಾಗಿ.

ಹುಕ್ಕು ಸರಿಮಾಡುವ ನೆಪದಲ್ಲಿ ಫ್ಲೋರಿನ್
ಬಲ ಹೆಗಲಿನ ಕೆಳಗೆ, ನದಿ ಬಾಯಿ ತೆರೆವ ಕಡೆ
ಪೈಪಿಂಗಿನ ಮೇಲೆ ಬೆರಳಿಟ್ಟು ನಿಂತಳು.
‘ಏನೇ, ಬಿಗಿಯಾಯ್ತಾ ಅಲ್ಲಿ?’
‘ಇಲ್ಲ ಮೇಡಂ’ ಎಂದಳು, ಬೆರಳು ತೆಗೆಯದೆ,
‘ಮನೆ ಇನ್ನೂ ಇದೆಯೋ ಇಲ್ಲವೋ.’