ಏಕವಚನ, ಬಹುವಚನ

ಮೂವತ್ತೊಂದು ವರ್ಷ ಬಂಗಾರಪೇಟೆಯ ಹೈಸ್ಕೂಲಿನಲ್ಲಿ
ಕನ್ನಡ ವ್ಯಾಕರಣ ಕಲಿಸಿದವಳು ನಾನು.
ಅದಕ್ಕೇ ಕರೆದರು.
ನಮ್ಮ ಮೆಥೋಡಿಸ್ಟ್ ಚರ್ಚಿನ ಹಿಂದಿನ ಕೋಣೆ,
ಅಲುಗಾಡುವ ಮೇಜು, ನಾಲ್ಕು ಸಭೆಯವರು.
"ಟೀಚರ್, ಒಂದು ಅರ್ಜಿ ಬರೀಬೇಕು, ಒಂದು ಪ್ರಾರ್ಥನೆ ಕೂಡ,
ಎಲ್ಲರೂ ಒಟ್ಟಿಗೆ ಹೇಳುವಂಥದ್ದು."

ಎಲೀಷ ಸತ್ತ ಒಂಬತ್ತನೇ ದಿನ ಅದು.
ಛತ್ರದ ಹಿಂದಿನ ಗುಂಡಿಗೆ ಹಗ್ಗವಿಲ್ಲದೆ ಇಳಿಸಿದ್ದರು.
ಪುರಸಭೆಯ ಕಡತದಲ್ಲಿ: ಕಾಲು ಜಾರಿ ಬಿದ್ದು ಮೃತ.
ಇಳಿಸಿದವರು ಯಾರು?
ಆ ವಾಕ್ಯಕ್ಕೆ ಕರ್ತೃಪದವೇ ಇಲ್ಲ.

ಮೊದಲ ದಿನ ನಾವೂ ಅಂಥದೇ ವಾಕ್ಯ ಆಡಿದವರು.
ದೀಕ್ಷಾಸ್ನಾನ ಕಥೋಲಿಕರಲ್ಲಿ, ಮದುವೆ ನಮ್ಮಲ್ಲಿ,
ಕುಡಿತ ಬಿಟ್ಟಿದ್ದು ತಗಡಿನ ಸೂರಿನ ಪೆಂತೆಕೋಸ್ತ್ ಸಭೆಯಲ್ಲಿ.
ಮೂರು ರಿಜಿಸ್ಟರ್ ತೆರೆದರು. ಮೂರರಲ್ಲೂ
ಹೆಸರಿನ ಮೇಲೆ ಒಂದು ಗೀಟು.
ಹೆಣ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿತ್ತು.
ರಾತ್ರಿ, ಕೊನೆಯ ಮಾರಿಕುಪ್ಪಂ ಗಾಡಿ ಹೋದ ಮೇಲೆ
ಫಾದರ್ ಇನ್ನಾಸಪ್ಪ ಸೈಕಲ್ಲಿನಲ್ಲಿ ಬಂದು
ಪಾಸ್ಟರ್ ಎಜ್ರನ ಕದ ತಟ್ಟಿ
"ಗುಂಡಿ ನಾನು ಕೊಡ್ತೀನಿ" ಅಂದರಂತೆ.
ಆ ಪದ ಬಾಯಿಂದ ಬಿದ್ದೊಡನೆ
ಇಬ್ಬರೂ ಬಹಳ ಹೊತ್ತು ಸುಮ್ಮನೆ ನಿಂತಿದ್ದರಂತೆ.

ಗಂಟೆ ನಮ್ಮದು. ಪೆಟ್ಟಿಗೆ ಲೂಥರನರ ಬಡಗಿ ಮಾಡಿದ್ದು.
ಹಾಡು ಎಜ್ರನ ಕಡೆಯವರದು, ತುಸು ಜೋರೇ ಆಯಿತು.
ಸ್ಮಶಾನದ ನಡುವೆ ಒಂದು ಮೋಟು ಗೋಡೆಯಿದೆ.
ಆಚೆ ಯಾರು, ಈಚೆ ಯಾರು, ಎಲ್ಲರಿಗೂ ಗೊತ್ತು,
ಯಾರೂ ಬಾಯಿ ಬಿಡುವುದಿಲ್ಲ.
ಫಾದರ್ ಅಗೆಸಿದ್ದು ಆಚೆ ಬದಿ,
ಕಣಗಿಲೆ ನೆಟ್ಟ ಕಡೆ.
ಆ ಜಗಳ ಇನ್ನೂ ಮುಗಿದಿಲ್ಲ.

ಈಗ ಪ್ರಾರ್ಥನೆ.
ಪರಲೋಕದಲ್ಲಿರುವ ನಮ್ಮ ತಂದೆಯೇ. ಅಲ್ಲಿಯವರೆಗೆ ಸಲೀಸು.
ಮುಂದೆ ಅವರು "ನಿಮ್ಮ ನಾಮ" ಎನ್ನುತ್ತಾರೆ, ನಾವು "ನಿನ್ನ ನಾಮ".
ಅವರದು ದಯಪಾಲಿಸಿ, ನಮ್ಮದು ದಯಪಾಲಿಸು.
"ಹೆತ್ತ ತಂದೆಗೆ ಬಹುವಚನ ಯಾಕೆ?" ಎಂದರು
ಎಂಬತ್ತು ದಾಟಿದ ಸತ್ಯಮಿತ್ರಯ್ಯ.
"ನಾನು ಹಾಕ್ತಿದ್ದೆ," ಎಂದಳು ಸಿಸ್ಟರ್ ಲೀಡಿಯಾ,
"ನಮ್ಮಪ್ಪ ಹೊಡೀತಿದ್ರು."

ಚಹಾ ಆರಿತು.
ಎಲೀಷನ ತಾಯಿ ರೂತಮ್ಮ ನೆಲದ ಮೇಲೆ ಕೂತಿದ್ದಳು,
ಎರಡು ಕುರ್ಚಿ ಖಾಲಿಯಿದ್ದವು.
ಕೊನೆಗೆ ನಾನೇ ಅಂದೆ, ಅವರವರ ರೂಢಿಯಂತೆ ಹೇಳಲಿ.

ಸೋಮವಾರ, ಪುರಸಭೆಯ ಮೆಟ್ಟಿಲು.
ಪಾನಿಪುರಿ ಗಾಡಿಯವರೂ ಬಂದು ಪಕ್ಕ ನಿಂತರು.
ನಿಮ್ಮ ನಿನ್ನ ನಿಮ್ಮ ನಿನ್ನ,
ಎರಡು ಅಳತೆಯ ಚಪ್ಪಲಿ ಮೆಟ್ಟಿದವಳ ನಡಿಗೆ,
ಆದರೂ ಆಮೆನ್ ಒಟ್ಟಿಗೇ ಬಿತ್ತು.

ಮುಖ್ಯಾಧಿಕಾರಿ ಹೊರಗೆ ಬಂದರು. ಕಣ್ಣು ಫಾದರ್ ಮೇಲೆ:
"ನೀವು ಹೇಳಿ, ನೀವೆಲ್ಲ ತಿಳಿದವರು."
ಆಮೇಲೆ ಈ ಕಡೆ: "ನೀನು ಸುಮ್ನಿರಮ್ಮ."

ರೂತಮ್ಮ ಎದ್ದಳು.
ಬೆಳಿಗ್ಗೆ ಬೀದಿ ಗುಡಿಸುವಾಗ
ಸ್ಕೂಲಿಗೆ ಹೋಗುವ ಮಕ್ಕಳಿಗೂ "ಬನ್ನಿ, ಹೋಗಿ" ಎನ್ನುವವಳು.
"ನೀನು," ಅಂದಳು.
"ನೀನು ಇಳಿಸಿದ್ದು.
ಬರಿ, ಅದ್ರಲ್ಲಿ ನಿನ್ನ ಹೆಸರು ಬರಿ."

ಮೆಟ್ಟಿಲ ಮೇಲೆ ಯಾರೂ ಕೆಮ್ಮಲಿಲ್ಲ.
ಅವರು ಒಳಗೆ ಹೋದರು
(ಹೋದ ಎಂದು ಬರೆಯಲು ನನ್ನ ಕೈ ಇನ್ನೂ ಏಳುತ್ತಿಲ್ಲ),
ಬಾಗಿಲು ಹಾಕಿಕೊಂಡರು.
"ಏನ್ ಮಾಡೋಣಮ್ಮ?" ಕೇಳಿದರು ಇನ್ನಾಸಪ್ಪ.
"ನಾವೆಲ್ಲ ಇಲ್ಲೇ ಕುಂತಿರ್ತೀನಿ."

ಮೂವತ್ತೊಂದು ವರ್ಷದ ಕೆಂಪು ಶಾಯಿ
ಬೆರಳ ತುದಿಯಲ್ಲಿ ತುಡಿಯಿತು.
ಕರ್ತೃ ಬಹುವಚನ, ಕ್ರಿಯಾಪದ ಏಕವಚನ.
ತಿದ್ದಲಿಲ್ಲ. ಅರ್ಜಿಯ ಕೊನೆಗೆ ಹಾಗೇ ಬರೆದೆ,
ಬಿಸಿ ಕಲ್ಲಿನ ಮೇಲೆ ಕರ್ಚೀಫು ಹಾಸಿಕೊಂಡು
ನಾನೂ ಕೂತೆ.