ವಯಸ್ಕರು ಒಂದು, ಲಗೇಜು ಒಂದು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ, ಬೆಳಿಗ್ಗೆ ಆರೂಕಾಲಿಗೆ
ಕಂಡಕ್ಟರ್ ಬಸಲಿಂಗಯ್ಯ ನನ್ನ ಐಸ್ ಡಬ್ಬಿಗೆ ಬೂಟಿನ ತುದಿ ತಾಗಿಸಿದ:
"ಏನೈತ್ರೀ ಮೇಡಂ, ಮೀನಾ? ಮೀನಾದ್ರ ಮ್ಯಾಲೆ ಹಾಕ್ರಿ."
ಮೀನಲ್ಲ, ಅಂದೆ. ಆಸ್ಪತ್ರೆಯದು.
ಇಪ್ಪತ್ತಮೂರು ಹಿರಿಯರದು.
ಇನ್ನೂ ಬಿಡಿಸಿ ಹೇಳುವುದು ಹೇಗೆ, ಅವನ ಕೈಯಲ್ಲಿ ಬನ್ನು.

ಎಂಬತ್ತು ದಾಟಿದವರ ಕರುಳಿನಲ್ಲಿ
ಯಾರ್ಯಾರು ಬಿಡಾರ ಹೂಡಿದ್ದಾರೆ, ಯಾರು ಖಾಲಿ ಮಾಡಿಹೋದರು
ಎಣಿಸಬೇಕಂತೆ ಮೈಸೂರಿನವರಿಗೆ.
ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಕಫ, ರಕ್ತ ಕಂಡವಳು ನಾನು,
ಆದರೂ ಮುಚ್ಚಳದ ಡಬ್ಬಿ ಹಿಡಿದು ಮನೆಮನೆಯ ಮೆಟ್ಟಿಲೇರಿ
ದೊಡ್ಡವರ ಬಳಿ ಇದನ್ನು ಬೇಡುವುದೆಂದರೆ!
ಸುಬೇದಾರ್ ಪೂವಯ್ಯನವರು ಮೀಸೆ ನೇರ ಮಾಡಿಕೊಂಡರು:
"ದೇಶಕ್ಕೆ ಬೇಕಾದ್ದು ಕೊಟ್ಟಿದ್ದೇನೆ.
ಇದೊಂದನ್ನು ಮಾತ್ರ ಯಾರೂ ಕೇಳಿರಲಿಲ್ಲ."

ಚೋಂದವ್ವನ ಮನೆಗೆ ಹೋದದ್ದು ಕಕ್ಕಡ ಹದಿನೆಂಟರ ಮರುದಿನ.
ಮದ್ದುಸೊಪ್ಪಿನ ಪಾಯಸ ಕುಡಿದು
ಊರಿಗೆ ಊರೇ ಕೆಂಪಗೆ ಉಚ್ಚೆ ಹೊಯ್ಯುವ ದಿನ.
(ಹಾವೇರಿಯಿಂದ ಬಂದ ಹೊಸ ಡಾಕ್ಟರು ಬಾಟಲಿ ಕಂಡು
ಕುರ್ಚಿಯಿಂದ ಎದ್ದೇಬಿಟ್ಟಿದ್ದರು.
ನಾವು ಲ್ಯಾಬಿನವರು ಬಾಗಿಲು ಹಾಕಿಕೊಂಡು ನಕ್ಕೆವು.)
ಹೋದ ವರ್ಷ ಸೊಂಟ ಮುರಿದಿತ್ತು ಆಕೆಗೆ.
ಮೂರು ವಾರ ಸೂಜಿ, ಮಾತ್ರೆ, ಮತ್ತೆ ಸೂಜಿ.
ಮೂಳೆ ಕೂಡಿತು. ಹೊಟ್ಟೆ ಕೂಡಲಿಲ್ಲ.
ತಿಂದದ್ದು ನಿಲ್ಲದು, ನಿದ್ದೆ ನಿಲ್ಲದು,
ನಡೆದರೆ ಕಾಲಲ್ಲಿ ಬರೀ ಗಾಳಿ.

"ಗದ್ದೆಗೆ ವಿಷ ಹೊಡೆದ ರಾತ್ರಿ ನೋಡಿದ್ದೀಯಾ ಕುಂಞಿ?
ನೀರುಂಟು, ಪೈರುಂಟು, ಕೆಸರೂ ಉಂಟು.
ಕಪ್ಪೆ ಕೂಗುವುದಿಲ್ಲ.
ಹಾಗಿತ್ತು ಒಳಗೆ."

ಆಮೇಲೆ ಏನು ಮಾಡಿದಿರಿ?
"ಏನು ಮಾಡುವುದು, ಒಬ್ಬೊಬ್ಬರನ್ನೇ ಕರೆದೆ."
ರಾತ್ರಿ ನೀರಲ್ಲಿಟ್ಟ ಅನ್ನ. ಮಜ್ಜಿಗೆ. ಕೆಸುವಿನ ಸೊಪ್ಪು.
ನೀರಲ್ಲೇ ಹುಳಿ ಬಂದ ಬೈಂಬಳೆ,
ಸೊಸೆ ಮೂಗು ಮುಚ್ಚಿಕೊಂಡು ಬೇಯಿಸಿಕೊಟ್ಟದ್ದು.
ಎಲ್ಲರೂ ಬರಲಿಲ್ಲ. ಕೆಲವರು ಬಂದೂ ಉಳಿಯಲಿಲ್ಲ.
"ಮೊನ್ನೆ ಒಂದು ಕೂಗಿತು," ಅಂದಳು
ಹೊಟ್ಟೆಯ ಮೇಲೆ ಕೈಯಿಟ್ಟು, ಪಿಸುಮಾತಿನಲ್ಲಿ,
ಗಟ್ಟಿ ಹೇಳಿದರೆ ಹಾರಿಹೋದೀತು ಎನ್ನುವ ಹಾಗೆ.

ತಿತಿಮತಿಯ ಲೈನ್ ಮನೆಯ ಯರವರ ಬೊಳ್ಳಿಗೆ
ಆಧಾರಿನ ಪ್ರಕಾರ ಎಂಬತ್ತೆರಡು, ಹುಟ್ಟಿದ್ದು ಜನವರಿ ಒಂದು.
ನರೆಗೆಣಸು, ಏಡಿ, ಅಣಬೆ, ಹೆಸರಿಲ್ಲದ ಸೊಪ್ಪು,
ಕೆಲವು ವರ್ಷ ಏನೂ ಇಲ್ಲ.
ನಿಮ್ಮೊಳಗೆ ಕೋಟಿ ಕೋಟಿ ಜೀವ ಇರಬಹುದು ಅಂದೆ.
ಎಲೆಯಡಿಕೆ ಉಗುಳಿ ಕೇಳಿದಳು,
"ಅಷ್ಟು ಜನಕ್ಕೂ ರೇಷನ್ ಕಾರ್ಡು ಮಾಡಿಸಿಕೊಡ್ತೀಯಾ?"

ಆನೆಚೌಕೂರಿನ ತಿರುವಿನಲ್ಲಿ ಬಸ್ಸು ನಿಂತಿತು.
ರಸ್ತೆ ಮಧ್ಯೆ ತಾಯಾನೆ, ಕಾಲಡಿ ಮರಿ.
ನನಗೆ ಐಸಿನದೇ ಚಿಂತೆ, ಡಬ್ಬಿಯ ಮೂಲೆ ಬೆವರುತ್ತಿದೆ.
ಅವಸರ ಯಾರಿಗೂ ಇಲ್ಲ. ತಾಯಿ ಲದ್ದಿ ಹಾಕಿತು.
ಮರಿ ಎಳೆಯ ಸೊಂಡಿಲು ಚಾಚಿ, ಬಿಸಿಬಿಸಿ, ಬಾಯಿಗಿಟ್ಟಿತು.
"ಥೂ, ಹೊಲಸ," ಅಂದ ಬಸಲಿಂಗಯ್ಯ.

ಹೊಲಸಲ್ಲ ಕಣಯ್ಯಾ,
ಬಿದಿರು ಕರಗಿಸುವ ಆಳುಗಳು
ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಇರುವುದಿಲ್ಲ.
ತಾಯಿ ಅವರನ್ನು ಹೀಗೆಯೇ ದಾಟಿಸಬೇಕು.

ಅವನು ಆನೆಯನ್ನು ನೋಡಿದ.
ಡಬ್ಬಿಯನ್ನು ನೋಡಿದ, ಬಹಳ ಹೊತ್ತು.
ಇಪ್ಪತ್ತಮೂರು ಹಿರಿಯರದು, ಅಂದಿದ್ದೆನಲ್ಲ.
ಅರ್ಧ ಬನ್ನು ಮೆಲ್ಲಗೆ ಜೇಬಿಗೆ ಹೋಯಿತು.

ಆನೆ ಸರಿದು ಬಸ್ಸು ಹೊರಟಾಗ
ಡಬ್ಬಿಯನ್ನು ತಾನೇ ಎತ್ತಿ, ಬಿಸಿಲು ಬೀಳದ ಕಡೆಗೆ,
ತನ್ನ ಸೀಟಿನ ಕೆಳಗಿಟ್ಟ.
ಬೂಟು ತಾಗಿಸಲಿಲ್ಲ.
"ನಮ್ಮವ್ವಗೂ ಹಿಂಗ ಆಗೈತ್ರಿ, ಊಟಾನ ಸೇರೂದಿಲ್ಲ," ಅಂದವನು
ಮತ್ತೇನೂ ಕೇಳದೆ ಮೆಷಿನ್ನು ಒತ್ತಿ ಟಿಕೆಟ್ಟು ಹರಿದ:
ವಯಸ್ಕರು ಒಂದು, ಲಗೇಜು ಒಂದು.